ಎಫ್ ಫೈವ್ ಒತ್ತುವ ಬೆರಳು

ಯೋಗಾನಂದ ಏನು ಕೆಲಸ ಮಾಡುತ್ತಾನೆ ಎಂದು ಅಲ್ಲಾಳಸಂದ್ರದ ಅವನ ಬೀದಿಯಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಕಂಪ್ಯೂಟರ್ ರಿಪೇರಿ ಎಂದು ಕೆಲವರು, ಅದೇನೋ ಡೇಟಾ ಎಂದು ಕೆಲವರು. ಕೆಳಗಿನ ಮನೆಯ ಗಂಗರತ್ನಮ್ಮ ಮಾತ್ರ ಮುಚ್ಚುಮರೆ ಇಟ್ಟುಕೊಂಡವರಲ್ಲ. "ದಿನಾ ಬಸ್ ಅತ್ತಿ ಎಬ್ಬಾಳಕ್ಕೋಗಿ ಆಟ ಆಡ್ಬುಟ್ಟು ಬತ್ತಾನೆ. ಅದಕ್ಕೆ ಸಂಬಳ ಬೇರೆ ಕೊಡ್ತಾರಂತೆ ಕಣವ್ವ!" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಮಿಕ್ಕವರ ಊಹೆಗಳಿಗಿಂತ ಈ ಮಾತೇ ನಿಜಕ್ಕೆ ಹತ್ತಿರವಾಗಿತ್ತು ಎನ್ನಬೇಕು.

ಆದರೆ ಆಟ ಆಡುವುದು ಬೇರೆ, ಆಟವನ್ನು ಪರೀಕ್ಷಿಸುವುದು ಬೇರೆ. ಹೊರದೇಶದ ಕಂಪನಿಗಳು ಕಂಪ್ಯೂಟರ್ ಆಟಗಳನ್ನು ತಯಾರಿಸುತ್ತವೆ. ಜನರಿಗೆ ಮಾರುವ ಮೊದಲು ಎಲ್ಲೆಲ್ಲಿ ಎಡವಟ್ಟಿದೆ ಎಂದು ಹುಡುಕಿಸಲು ಅವನ್ನು ನಮ್ಮಲ್ಲಿಗೆ ಕಳಿಸುತ್ತವೆ. ಹೆಬ್ಬಾಳದ ಫ್ಲೈಓವರ್ ಕಿಟಕಿಗೇ ಕಾಣುವ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಕೂತು ಯೋಗಾನಂದ ಆಟದೊಳಗಿನ ಸಿಪಾಯಿಯೊಬ್ಬನನ್ನು ಗೋಡೆಗೆ ಹೆಗಲು ಉಜ್ಜಿಸುತ್ತ ನಡೆಸುತ್ತಿದ್ದ. ಸಿಪಾಯಿ ಗೋಡೆಯೊಳಕ್ಕೆ ತೂರಿಹೋದರೆ ಬರೆದಿಡಬೇಕು, ಮೂಲೆಯಲ್ಲಿ ಸಿಕ್ಕಿಹಾಕಿಕೊಂಡರೆ ಬರೆದಿಡಬೇಕು. ಒಂದು ಗೋಡೆ ಮುಗಿದರೆ ಮುಂದಿನ ಗೋಡೆ. ಒಂದು ಕೋಟೆಯಲ್ಲಿ ಎಷ್ಟು ಗೋಡೆಗಳಿರುತ್ತವೆ ಎಂದು ನೀವೇ ಊಹಿಸಿ. ಇದನ್ನು ಆಟ ಎಂದು ಮೂಗು ಮುರಿಯುವವರು ಒಂದು ವಾರ ಬಂದು ಆಡಿ ತೋರಿಸಲಿ.

2016ರಲ್ಲಿ ಯೋಗಾನಂದನಿಗೆ ಮೂವತ್ತೈದು ತುಂಬಿತ್ತು. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ ಹುಡುಗಿಯರೇ ತುಂಬಿದ್ದ ಆ ಹಾಲ್‌ನಲ್ಲಿ ಅವನು ಹೆಚ್ಚುಕಮ್ಮಿ ಮುದುಕ. ಬೆನ್ನ ಹಿಂದೆ ಅವನನ್ನು ಅಂಕಲ್ ಎನ್ನುತ್ತಿದ್ದರು. ಆದರೂ ಅವನಿಗೊಂದು ಬೆಲೆಯಿತ್ತು. ಆ ಬೆಲೆ ಬಂದದ್ದು ಒಂದು ಹಳೆಯ ಆಟದಿಂದ.

ಆಟದ ಹೆಸರು ‘ಗ್ರೇವಾಟರ್’. ಆಫೀಸಿನಲ್ಲಿ ಎಲ್ಲರೂ ಅದನ್ನು ಕೋಟೆ ಆಟ ಎನ್ನುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಸಿ.ಡಿ.ಯಲ್ಲಿ ಬಂದಿದ್ದ ಆಟ ಅದು. ಮಾಡಿದ ಕಂಪನಿ ಬಾಗಿಲು ಹಾಕಿತು, ಸಿ.ಡಿ.ಗಳೂ ಗೀರು ಬಿದ್ದು ಹಾಳಾದವು. ಎಷ್ಟೋ ವರ್ಷದ ಮೇಲೆ ಬೇರೊಬ್ಬರು ಅದರ ಹಕ್ಕು ಕೊಂಡು, ಧೂಳು ಒರೆಸಿ, ಇಂಟರ್ನೆಟ್ಟಿನ ಡಿಜಿಟಲ್ ಅಂಗಡಿಯಲ್ಲಿ ಮಾರಾಟಕ್ಕಿಟ್ಟರು. ಹದಿನಾರರ ಹುಡುಗರಾಗಿದ್ದಾಗ ಅದನ್ನು ಆಡಿದವರೆಲ್ಲ ಈಗ ಮಕ್ಕಳ ಅಪ್ಪಂದಿರು. ಅವರು ಮುಗಿಬಿದ್ದು ಕೊಂಡರು. ಹಾಗಾದರೆ ಇನ್ನಷ್ಟು ಕೊಡೋಣ ಎಂದು ಆ ಕಂಪನಿ ಹಳೆಯ ಆಟಕ್ಕೆ ಹೊಸ ಎಕ್ಸ್‌ಪಾನ್ಷನ್ ಪ್ಯಾಕುಗಳನ್ನು ಮಾಡತೊಡಗಿತು. ಹಳೆಯ ಮನೆಯ ಹಿಂದೆ ಹೊಸ ಕೋಣೆ ಕಟ್ಟಿದಂತೆ, ಹಳೆಯ ಕಥೆಗೆ ಹೊಸ ಕೋಟೆಗಳು, ಹೊಸ ಯುದ್ಧಗಳು. ಇದರಲ್ಲಿ ಒಂದು ವಿಶೇಷವಿತ್ತು. ಆಟಗಾರ ತನ್ನ ಹಳೆಯ ಸೇವ್ ಅನ್ನು, ಅಂದರೆ ಅಂದು ಎಲ್ಲಿಯವರೆಗೆ ಆಡಿ ಉಳಿಸಿಟ್ಟಿದ್ದನೋ ಅದನ್ನೇ, ಹೊಸ ಪ್ಯಾಕಿನೊಳಗೆ ತರಬಹುದಿತ್ತು. ಹದಿನೈದು ವರ್ಷದ ಹಿಂದೆ ಬೆಳೆಸಿದ ಅದೇ ಸಿಪಾಯಿ ಅದೇ ಕತ್ತಿ ಹಿಡಿದು ಹೊಸ ಕೋಟೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದ.

ಈ ಆಟ ಯೋಗಾನಂದನಿಗೆ ಕರತಲಾಮಲಕ. 1999ರಲ್ಲಿ ಯಲಹಂಕದ ಸಂತೆ ಬೀದಿಯ ಹಿಂದೆ ನಾಲ್ಕು ಕಂಪ್ಯೂಟರಿನ ಒಂದು ಬ್ರೌಸಿಂಗ್ ಸೆಂಟರ್ ಇತ್ತು. ಅವನು ಕಾಲೇಜಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಹೋಗುತ್ತಿದ್ದುದು ಅಲ್ಲಿಗೆ. ಆಗ ಯಲಹಂಕದಲ್ಲಿ ಕರೆಂಟ್ ಹೇಳಿ ಕೇಳಿ ಹೋಗುತ್ತಿರಲಿಲ್ಲ. ಸೆಂಟರಿನಲ್ಲಿ ಯು.ಪಿ.ಎಸ್. ಇರಲಿಲ್ಲ. ಎರಡು ಗಂಟೆ ಬೆವರು ಹರಿಸಿ ಗೆದ್ದದ್ದು ‘ಪಟ್’ ಎಂದು ಕಪ್ಪಾಗಿಬಿಡುತ್ತಿತ್ತು. ಹಾಗಾಗಿ ಅಲ್ಲಿನ ಹುಡುಗರೆಲ್ಲ ಒಂದು ಪಾಠ ಕಲಿತಿದ್ದರು: ಬಾಗಿಲು ಬಂತೆಂದರೆ ಮೊದಲು ಎಫ್ ಫೈವ್ ಕೀ ಒತ್ತು, ಸೇವ್ ಮಾಡು, ಆಮೇಲೆ ತೆರೆ. ಯೋಗಾನಂದನ ಎಡಗೈಯ ನಡುಬೆರಳಿಗೆ ಅದು ಎಷ್ಟು ಹತ್ತಿಹೋಗಿತ್ತೆಂದರೆ, ರೆಪ್ಪೆ ಬಡಿಯುವುದು ಗೊತ್ತಾಗದ ಹಾಗೆ ಅದೂ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಆಫೀಸಿನಲ್ಲಿ ಕೋಟೆ ಆಟದ ವಿಷಯಕ್ಕೆ ಅವನದೇ ಕೊನೆಯ ಮಾತು. ಹಳೆಯ ಆಟಗಳಲ್ಲಿ ಇನ್ನೊಂದು ತಮಾಷೆಯಿದೆ. ಕೆಲವು ತಪ್ಪುಗಳನ್ನು ಆಡುವವರು ಪ್ರೀತಿಸಿಬಿಟ್ಟಿರುತ್ತಾರೆ. ಬಾವಿಕಟ್ಟೆಯ ಹತ್ತಿರ ಒಬ್ಬ ಕಾವಲುಗಾರ ನೆಲ ಬಿಟ್ಟು ಒಂದು ಗೇಣು ಮೇಲೆ ಗಾಳಿಯಲ್ಲಿ ನಡೆಯುತ್ತಿದ್ದ. ಹೊಸ ಹುಡುಗರು ಅದನ್ನು ತಪ್ಪೆಂದು ಬರೆದರೆ ಯೋಗಾನಂದ, "ಅವನನ್ನ ಮುಟ್ಬೇಡ್ರೋ. ಅವನು ನೆಲಕ್ಕಿಳಿದ್ರೆ ಅಲ್ಲಿ ಜನ ಅಳ್ತಾರೆ" ಎನ್ನುತ್ತಿದ್ದ. ಅವನು ತಪ್ಪೆಂದದ್ದೇ ತಪ್ಪು, ಅಲ್ಲವೆಂದದ್ದು ತಪ್ಪಲ್ಲ. ಹೊಸಬರು ಬರೆದ ವರದಿಗಳನ್ನೆಲ್ಲ ಅವನೇ ತನ್ನ ಕಂಪ್ಯೂಟರಿನಲ್ಲಿ ಆಡಿ ನೋಡಿ ಖಾತ್ರಿ ಮಾಡಬೇಕು. ಅವನ ಕೈಯಲ್ಲೂ ತಪ್ಪು ಕಂಡರೆ ವರದಿ ಮುಂದಕ್ಕೆ ಹೋಗುತ್ತದೆ. ಕಾಣದಿದ್ದರೆ ‘ಇಲ್ಲಿ ಮತ್ತೆ ಆಗಲಿಲ್ಲ’ ಎಂದು ಬರೆದು ಮುಚ್ಚುತ್ತಾನೆ. ದೊಡ್ಡ ತಪ್ಪೆಂದು ಹೇಳಿದ ವರದಿಗಳು ಹಾಗೆ ಮೂರು ಸಲ ಮುಚ್ಚಿಹೋದರೆ ಆರು ತಿಂಗಳ ಟ್ರೈನಿಂಗಿಗೆ ಬಂದವರ ಕೆಲಸ ಖಾಯಂ ಆಗುತ್ತಿರಲಿಲ್ಲ. ನಿಯಮ ಅಷ್ಟು ಸರಳ.

ಆ ವರ್ಷ ಬಂದ ಟ್ರೈನಿಗಳಲ್ಲಿ ಒಬ್ಬಳು ಕುಬ್ರಾ. ಆರ್.ಟಿ. ನಗರದ ಹುಡುಗಿ, ಅಪ್ಪ ಜಿಯಾವುಲ್ಲಾ ಅಲ್ಲೇ ಕನ್ನಡಕದ ಅಂಗಡಿ ಇಟ್ಟಿದ್ದರು. ಬಿ.ಸಿ.ಎ. ಮುಗಿಸಿದ್ದಳು. ಮಾತು ಕಡಿಮೆ, ಕಣ್ಣು ಚುರುಕು. ಕೋಟೆ ಆಟ ಬಂದಾಗ ಅವಳು ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಿರಬೇಕು. ಅವಳು ಆಡಿದ್ದೆಲ್ಲ ಮೊಬೈಲಿನ ಆಟಗಳು, ಅವು ತಾವೇ ಸೇವ್ ಆಗುತ್ತವೆ. ಬಾಗಿಲಿಗೆ ಮುಂಚೆ ಏನನ್ನಾದರೂ ಒತ್ತಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ನವೆಂಬರಿನಲ್ಲಿ ನಾಲ್ಕನೇ ಪ್ಯಾಕಿನ ಪರೀಕ್ಷೆ ನಡೆಯುತ್ತಿತ್ತು. ಹಳೆಯ ಸೇವ್ ತಂದು ಆಡಿನೋಡುವ ಪಾಲು ಕುಬ್ರಾಳದು. ಉಳಿದವರು ಹೊಸ ಸಿಪಾಯಿಯಿಂದ ಶುರುಮಾಡಿ ಸದ್ದು, ಬರಹ, ಬಣ್ಣಗಳನ್ನು ನೋಡುತ್ತಿದ್ದರು. ಎರಡನೇ ವಾರ ಕುಬ್ರಾ ಒಂದು ವರದಿ ಹಾಕಿದಳು. ಹಳೆಯ ಸೇವ್ ತೆರೆದು, ಹೊಸ ಕೋಟೆಯ ಮೊದಲ ಬಾಗಿಲು ದಾಟಿದರೆ ಹಳೆಯ ಸೇವ್ ಕೆಟ್ಟುಹೋಗುತ್ತದೆ, ಮತ್ತೆ ತೆರೆಯುವುದಿಲ್ಲ ಎಂದು. ಯೋಗಾನಂದ ಅವಳು ಬರೆದ ಹಾಗೆಯೇ ಆಡಿದ. ಹಾಗೆಂದು ಅವನು ನಂಬಿದ್ದ. ಏನೂ ಆಗಲಿಲ್ಲ. ವರದಿ ಮುಚ್ಚಿದ.

ಎರಡು ದಿನ ಬಿಟ್ಟು ಅವಳು ಮತ್ತೆ ಹಾಕಿದಳು. ಅವನು ಮತ್ತೆ ಆಡಿದ, ಮತ್ತೆ ಮುಚ್ಚಿದ. "ಸೇವ್ ಕಾಪಿ ಮಾಡೋವಾಗ ನೀನೇ ಕೆಡಿಸ್ತಿದ್ದೀಯ ಕಣಮ್ಮ" ಎಂದೂ ಹೇಳಿದ. ಮೂರನೇ ಸಲ ಹಾಕಿದಾಗ ಅವನಿಗೆ ಸ್ವಲ್ಪ ಸಿಟ್ಟೇ ಬಂತು. ಅವಳನ್ನು ತನ್ನ ಸೀಟಿಗೆ ಕರೆಸಿಕೊಂಡ.

"ಬಾ, ನನ್ನ ಕುರ್ಚೀಲೇ ಕೂತ್ಕೊ. ನೀನೇ ಆಡು, ನಾನು ನೋಡ್ತೀನಿ."

ಕುಬ್ರಾ ಕೂತಳು. ಅವನು ಅವಳ ಎಡಕ್ಕೆ ಸ್ಟೂಲ್ ಎಳೆದುಕೊಂಡು ಕೂತ. ಅಕ್ಕಪಕ್ಕದವರು ಕೆಲಸ ಬಿಟ್ಟು ನೋಡತೊಡಗಿದರು. ಅವಳು ಹಳೆಯ ಸೇವ್ ತೆರೆದಳು, ಸಿಪಾಯಿಯನ್ನು ನಡೆಸಿಕೊಂಡು ಬಂದು ಬಾಗಿಲ ಮುಂದೆ ನಿಲ್ಲಿಸಿದಳು. ಆಗ ಯೋಗಾನಂದನ ಎಡಗೈ ಮುಂದೆ ಹೋಯಿತು, ಎಫ್ ಫೈವ್ ಒತ್ತಿತು, ವಾಪಸ್ ಬಂತು. ಅವನ ಕಣ್ಣು ಪರದೆಯ ಮೇಲಿತ್ತು. ಆ ಹಳೆಯ ಆಟದಲ್ಲಿ ಸೇವ್ ಆದರೆ ಪರದೆಯಲ್ಲಿ ಯಾವ ಗುರುತೂ ಬರುತ್ತಿರಲಿಲ್ಲ. ಕುಬ್ರಾ ಬಾಗಿಲು ತೆರೆದಳು. ಸಿಪಾಯಿ ಒಳಗೆ ಹೋದ. ಹಳೆಯ ಸೇವ್ ನೆಟ್ಟಗಿತ್ತು.

"ಸಾರ್, ನೀವು ಮೇಲ್ಗಡೆ ಒಂದು ಕೀ ಒತ್ತಿದ್ರಿ," ಎಂದಳು.

"ನಾನಾ? ನಾನ್ಯಾಕೆ ಒತ್ಲಿ?"

"ಒತ್ತಿದ್ರಿ ಸಾರ್. ನಿಮ್ ಕೈ ಬಂತು. ನಾನು ನೋಡ್ದೆ."

"ನೋಡು ಕುಬ್ರಾ, ನಾನು ಸುಮ್ನೆ ಕೂತಿದ್ದೀನಿ. ಕೆಲಸ ಹೋಗುತ್ತೆ ಅನ್ನೋ ಗಾಬರೀಲಿ ನೀನು ಇಲ್ಲದ್ದೆಲ್ಲ ನೋಡ್ತಿದ್ದೀಯ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕುಬ್ರಾಳ ಮುಖ ಕೆಂಪಾಯಿತು. ಇನ್ನೊಂದು ಸಲ ಆಡಿ ತೋರಿಸುತ್ತೇನೆ ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ. ಅಷ್ಟು ಜನ ನಗುವಾಗ ಇಪ್ಪತ್ತೆರಡರ ಹುಡುಗಿ ಏನು ಕೇಳಿಯಾಳು? ಯೋಗಾನಂದ ಮೂರನೆಯ ವರದಿಯನ್ನೂ ಮುಚ್ಚಿದ.

ತಿಂಗಳ ಕೊನೆಗೆ ಮ್ಯಾನೇಜರ್ ಮಹೇಂದ್ರ ಟ್ರೈನಿಗಳ ಪಟ್ಟಿ ಹಿಡಿದುಕೊಂಡು ಬಂದ. ಯೋಗಾನಂದನಿಗಿಂತ ಎರಡು ವರ್ಷ ಚಿಕ್ಕವನು, ಆದರೆ ಎಂ.ಬಿ.ಎ. "ಈ ಹುಡುಗಿ ವಿಷ್ಯ ಏನಂತೀಯ ಗುರು? ಮೂರು ಮುಚ್ಚಿದೆ. ಬೇಕಾದ್ರೆ ಇನ್ನೊಂದು ತಿಂಗಳು ಕೊಡಬಹುದು, ನೀನು ಹೂಂ ಅಂದ್ರೆ."

"ಹುಡುಗಿ ಒಳ್ಳೆಯವಳೇ," ಎಂದ ಯೋಗಾನಂದ. "ಆದ್ರೆ ಇಲ್ಲದ್ದನ್ನ ಕಾಣ್ತಾಳೆ. ನಮ್ಮ ಕೆಲಸಕ್ಕೆ ಅದಾಗಲ್ಲ."

ಅಷ್ಟರಲ್ಲಿ ಮುಗಿಯಿತು. ಶುಕ್ರವಾರ ಕುಬ್ರಾ ತನ್ನ ಐ.ಡಿ. ಕಾರ್ಡ್ ಕೊಟ್ಟು ಹೋದಳು. ಅವನಿಗೆ ಪಾಪ ಅನ್ನಿಸಿತು, ಅನ್ನಿಸಲಿಲ್ಲ ಎಂದರೆ ಸುಳ್ಳು. ಆದರೆ ಕರ್ತವ್ಯ ಮಾಡಿದವನ ಪಾಪ ಅದು, ಬಸ್ಸು ಕೊಡಿಗೇಹಳ್ಳಿ ದಾಟುವಷ್ಟರಲ್ಲಿ ಕರಗಿಹೋಯಿತು.

ನಾಲ್ಕನೇ ಪ್ಯಾಕ್ ಡಿಸೆಂಬರಿನ ಎರಡನೇ ವಾರ ಡಿಜಿಟಲ್ ಅಂಗಡಿಗೆ ಬಂತು. ಮೂರೇ ದಿನದಲ್ಲಿ ಅಂಗಡಿಯ ಪುಟದ ಕೆಳಗೆ ದೂರುಗಳು ಬೀಳತೊಡಗಿದವು. ಮೊದಲು ಹತ್ತು, ಆಮೇಲೆ ನೂರು, ಆಮೇಲೆ ಎಣಿಸುವ ಹಾಗಿರಲಿಲ್ಲ. ಎಲ್ಲರದೂ ಒಂದೇ ಗೋಳು: ನನ್ನ ಹಳೆಯ ಸೇವ್ ಹಾಳಾಯಿತು. ಒಬ್ಬ ಬರೆದಿದ್ದ: ಆ ಸೇವ್ ನನ್ನದೂ ನನ್ನ ಅಣ್ಣನದೂ, ಇಬ್ಬರೂ ಸರದಿಯ ಮೇಲೆ ಆಡುತ್ತಿದ್ದೆವು, ಅಣ್ಣ ತೀರಿಕೊಂಡು ಒಂಬತ್ತು ವರ್ಷವಾಯಿತು, ಅವನು ಆಡಿ ನಿಲ್ಲಿಸಿದ ಜಾಗ ಅದರಲ್ಲಿತ್ತು. ಯೋಗಾನಂದ ಅದನ್ನು ಓದಿ ಕುರ್ಚಿಯಿಂದ ಎದ್ದು ಹೋಗಿ ನೀರು ಕುಡಿದು ಬಂದ. ಅವನಿಗೆ ಕುಬ್ರಾಳ ವರದಿ ನೆನಪಾಗದೆ ಇರಲಿಲ್ಲ. ನೆನಪಾಗಿಯೂ ಅವನು ಮೊದಲು ಮಾಡಿದ್ದೇನು? ಮತ್ತೊಂದು ಸಲ ಆಡಿ ನೋಡಿದ. ಆಗಲಿಲ್ಲ. ಇಡೀ ದಿನ ಆಡಿದ. ಒಂದು ಸಲವೂ ಆಗಲಿಲ್ಲ. ಜಗತ್ತಿಗೆಲ್ಲ ಆಗುವುದು ತನ್ನೊಬ್ಬನಿಗೆ ಯಾಕೆ ಆಗುತ್ತಿಲ್ಲ ಎಂದು ತಲೆ ಕೆಟ್ಟುಹೋಯಿತು.

ಆಟದ ಕಂಪನಿಯವರು, ನಿಮ್ಮವರು ಹಳೆಯ ಸೇವ್ ಪರೀಕ್ಷಿಸಿದಾಗಿನ ವಿಡಿಯೋ ಇದ್ದರೆ ಕಳಿಸಿ ಎಂದು ಕೇಳಿದ್ದರು. ಖಾತ್ರಿ ಮಾಡುವವರ ಕಂಪ್ಯೂಟರುಗಳಲ್ಲಿ ಮಾತ್ರ ಒಂದು ರೆಕಾರ್ಡರ್ ಇರುತ್ತಿತ್ತು. ಪರದೆಯಲ್ಲಿ ನಡೆದದ್ದೆಲ್ಲ ಅದರಲ್ಲಿ ಉಳಿಯುತ್ತಿತ್ತು, ಕೆಳಗಿನ ಪಟ್ಟಿಯಲ್ಲಿ ಒತ್ತಿದ ಒಂದೊಂದು ಕೀಯ ಹೆಸರೂ ಮೂಡುತ್ತಿತ್ತು. ಮೂವತ್ತೈದು ದಿನ ಕಳೆದರೆ ತಾನಾಗಿ ಅಳಿಸಿಹೋಗುತ್ತಿತ್ತು. ಆವರೆಗೆ ಯಾರೂ ಅವನ್ನು ತೆರೆದು ನೋಡಿದವರಲ್ಲ. ಯೋಗಾನಂದ ಊಟದ ಹೊತ್ತಿನಲ್ಲಿ, ಹಾಲ್ ಖಾಲಿಯಿದ್ದಾಗ ತಾನು ಆಡಿದ್ದರ ವಿಡಿಯೋ ತೆರೆದ.

ಮೊದಲ ಬಾಗಿಲು. ಕೆಳಗಿನ ಪಟ್ಟಿಯಲ್ಲಿ ಎಫ್ ಫೈವ್. ಅವನು ಹುಬ್ಬು ಗಂಟಿಕ್ಕಿದ. ಎರಡನೇ ಬಾಗಿಲು, ಎಫ್ ಫೈವ್. ಹನ್ನೊಂದು ಬಾಗಿಲಿಗೂ ಹನ್ನೊಂದು ಎಫ್ ಫೈವ್. ಆಮೇಲೆ ಕುಬ್ರಾ ಆಡಿ ತೋರಿಸಿದ ದಿನದ ವಿಡಿಯೋ ತೆರೆದ. ಅವಳು ಹಳೆಯ ಸೇವ್ ತೆರೆದದ್ದು, ನಡೆಸಿದ್ದು, ನಿಲ್ಲಿಸಿದ್ದು. ಆಮೇಲೆ ಎಫ್ ಫೈವ್. ಆಮೇಲೆ ಬಾಗಿಲು.

ಅವನು ತನ್ನ ಎಡಗೈಯನ್ನು ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂತ. ಬಲಗೈಯೊಂದರಲ್ಲೇ ಹಳೆಯ ಸೇವ್ ತೆರೆದು, ಸಿಪಾಯಿಯನ್ನು ಕುಂಟಿಸುತ್ತ ನಡೆಸಿ ಬಾಗಿಲು ದಾಟಿಸಿದ. ಹೊರಗೆ ಬಂದು ಹಳೆಯ ಸೇವ್ ತೆರೆಯಲು ಹೋದ. ತೆರೆಯಲಿಲ್ಲ. ಕೆಟ್ಟಿತ್ತು. ಮುಂಚೆಯೇ ಒಮ್ಮೆ ಸೇವ್ ಮಾಡಿದರೆ ಆಟ ಹೊಸ ಕಡತ ಮಾಡಿಕೊಳ್ಳುತ್ತಿತ್ತು. ಮಾಡದಿದ್ದರೆ ಹಳೆಯದರ ಮೇಲೇ ಬರೆದು ಅದನ್ನು ಕೆಡಿಸುತ್ತಿತ್ತು. ಇಷ್ಟೇ ವಿಷಯ. ಕುಬ್ರಾ ಹೇಳಿದ್ದೂ ಇಷ್ಟೇ. ಯಲಹಂಕದ ಕರೆಂಟಿಗೆ ಹೆದರಿ ಕಲಿತ ಬೆರಳು ಹದಿನೇಳು ವರ್ಷದ ಮೇಲೂ ಕೆಲಸ ಮಾಡುತ್ತಿತ್ತು. ಎಂದೂ ಕರೆಂಟ್ ಹೋಗದ ಊರುಗಳಲ್ಲಿ ಕೂತು ಆಡುವವರಿಗೆ ಅಂಥ ಬೆರಳು ಎಲ್ಲಿಂದ ಬರಬೇಕು?

ಅವನು ಮಹೇಂದ್ರನ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದ. ಮಹೇಂದ್ರ ಬಾಗಿಲು ಹಾಕಿಕೊಂಡು ಬಂದು ಕೂತ.

"ಇದನ್ನ ಬೇರೆ ಯಾರು ನೋಡಿದ್ದಾರೆ?"

"ಯಾರೂ ಇಲ್ಲ."

"ಆ ಹುಡುಗಿ ಕೂತಿದ್ದಾಗಿಂದು ಯಾವಾಗ ಅಳಿಸಿಹೋಗುತ್ತೆ?"

"ನಾಡಿದ್ದು ಸಂಜೆ."

"ಮತ್ತೇನು! ತಪ್ಪು ಸಿಕ್ತು ಅಂತ ಹೊಸದಾಗಿ ಕಳಿಸೋಣ. ಮುಂಚೆ ಯಾಕೆ ಹೇಳ್ಲಿಲ್ಲ ಅಂದ್ರೆ, ಒಬ್ಬ ಟ್ರೈನಿ ಹೇಳಿದ್ಲು, ಸರಿಯಾಗಿ ಬರೆದಿರ್ಲಿಲ್ಲ ಅನ್ನೋಣ. ಅವಳು ಈಗ ಇಲ್ವಲ್ಲ. ಅವಳಿಗೇನೂ ನಷ್ಟ ಇಲ್ಲ." ಮಹೇಂದ್ರ ದನಿ ತಗ್ಗಿಸಿದ. "ಯೋಗಿ, ನಾನು ನಿನ್ನ ಒಳ್ಳೇದಕ್ಕೆ ಹೇಳ್ತಿದ್ದೀನಿ. ಮೂರು ಸಲ ಮುಚ್ಚಿದ್ದು ನೀನು. ಈ ವಯಸ್ಸಿಗೆ ಬೇರೆ ಎಲ್ಲಿ ಹೋಗ್ತೀಯ?"

ಆ ಕೊನೆಯ ಮಾತು ನಾಟಿತು. ಗೋಡೆ ಉಜ್ಜುವುದು ಬಿಟ್ಟರೆ ಅವನಿಗೆ ಬೇರೆ ಏನೂ ಬರುತ್ತಿರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಎದ್ದು ಬಂದ.

ಸಂಜೆ ಮನೆಯಲ್ಲಿ ಹೆಂಡತಿ ಕಲಾವತಿ ಹುರುಳಿಕಾಯಿ ಮುರಿಯುತ್ತಿದ್ದಳು. ಯಲಹಂಕ ನ್ಯೂ ಟೌನಿನ ಔಷಧಿ ಅಂಗಡಿಯಲ್ಲಿ ಅವಳಿಗೆ ಕೆಲಸ. ಅವನು ಹೇಳಿದ್ದನ್ನೆಲ್ಲ ಕೇಳಿ ಕಾಯಿ ಮುರಿಯುವುದನ್ನು ನಿಲ್ಲಿಸಿದಳು. "ತಪ್ಪು ಮಾತ್ರೆ ಕೊಟ್ಬಿಟ್ಟಿದ್ದೀನಿ ಅಂತ ಗೊತ್ತಾದ್ರೆ ನಾವು ಗಿರಾಕಿ ಹಿಂದೆ ಓಡ್ತೀವಿ ಕಣ್ರೀ. ಅಂಗಡೀಲಿ ಕೂತ್ಕೊಂಡು ಬಿಲ್ ಹರಿದು ಹಾಕಲ್ಲ." ಅಷ್ಟು ಹೇಳಿ ಮತ್ತೆ ಕಾಯಿಗೆ ಕೈ ಹಾಕಿದಳು.

ಇಷ್ಟಾದ ಮೇಲೆ ಅವನು ಮರುದಿನವೇ ಓಡಿದ ಎಂದು ಹೇಳಲು ನನಗೂ ಆಸೆ. ಓಡಲಿಲ್ಲ. ಹೊಟ್ಟೆನೋವು ಎಂದು ಫೋನ್ ಮಾಡಿ ರಜೆ ಹಾಕಿ ಮನೆಯಲ್ಲೇ ಬಿದ್ದುಕೊಂಡ. ಎರಡು ದಿನ ಹೀಗೇ ಕಳೆದುಬಿಟ್ಟರೆ ವಿಡಿಯೋ ತಾನಾಗಿ ಹೋಗುತ್ತದೆ, ಆಮೇಲೆ ತಾನು ಹೇಳಿದರೂ ಒಂದೇ ಬಿಟ್ಟರೂ ಒಂದೇ ಎಂಬ ಹೇಡಿ ಲೆಕ್ಕ ಅವನ ಮನಸ್ಸಿನಲ್ಲಿತ್ತು. ಮಧ್ಯಾಹ್ನ ಊಟಕ್ಕೆ ಕೂತವನು ತಟ್ಟೆ ಸರಿಸಿ ಎದ್ದ. ‘ನಾನು ನೋಡ್ದೆ’ ಎಂದ ಹುಡುಗಿಯ ಮುಖವೇ ಎದುರಿಗೆ ಬರುತ್ತಿತ್ತು. ಅವಳು ನೋಡಿದ್ದಳು. ಆ ಹಾಲ್‌ನಲ್ಲಿ ನಿಜವಾಗಿ ನೋಡಿದವಳು ಅವಳೊಬ್ಬಳೇ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ವಿಡಿಯೋ ಬೇರೆ ಕಡೆ ಉಳಿಸಿಕೊಂಡ. ಆಮೇಲೆ ಕೂತು ಬರೆದ: ಈ ತಪ್ಪನ್ನು ಕುಬ್ರಾ ಮೂರು ಸಲ ಸರಿಯಾಗಿಯೇ ಹೇಳಿದ್ದಳು, ನಾನು ಗೊತ್ತಿಲ್ಲದೆ ಎಫ್ ಫೈವ್ ಒತ್ತುತ್ತಿದ್ದರಿಂದ ನನಗೆ ಕಾಣಲಿಲ್ಲ, ಮುಚ್ಚಿದ್ದು ನನ್ನ ತಪ್ಪು. ಹೊರದೇಶದವರಿಗೆ ನೇರವಾಗಿ ಬರೆಯುವ ಅಧಿಕಾರ ಅವನಿಗಿರಲಿಲ್ಲ, ಎಲ್ಲವೂ ಮಹೇಂದ್ರನ ಮೂಲಕವೇ ಹೋಗಬೇಕು. ಮಹೇಂದ್ರ ಓದಿ, "ಹೂಂ, ಕಳಿಸ್ತೀನಿ" ಎಂದ. ಯೋಗಾನಂದನಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು.

ಎರಡೇ ದಿನದಲ್ಲಿ ಆಟ ಸರಿಯಾಯಿತು. ಅಂಗಡಿಯ ಪುಟದಲ್ಲಿ ಏನೇನು ಸರಿಮಾಡಿದ್ದೇವೆ ಎಂಬ ಪಟ್ಟಿ ಹಾಕಿದ್ದರು. ಅದರ ಕೊನೆಗೆ ಒಂದು ಸಾಲಿತ್ತು: ಹಳೆಯ ಸೇವ್ ಕೆಡುತ್ತಿದ್ದ ತಪ್ಪನ್ನು ಹುಡುಕಿಕೊಟ್ಟ ಯೋಗಾನಂದ ಅವರಿಗೆ ಧನ್ಯವಾದ.

ಅವನು ಆ ಸಾಲನ್ನು ಎರಡು ಸಲ ಓದಿದ. ಹತ್ತು ವರ್ಷ ಬೇರೆಯವರ ಆಟಗಳ ಗೋಡೆ ಉಜ್ಜಿದವನಿಗೆ ಎಲ್ಲಿಯೂ ತನ್ನ ಹೆಸರು ನೋಡಿ ಗೊತ್ತಿರಲಿಲ್ಲ. ತಾನು ಬರೆದದ್ದರಲ್ಲಿ ಮಹೇಂದ್ರ ಅರ್ಧ ಕತ್ತರಿಸಿ ಕಳಿಸಿದ್ದಾನೆಂದು ಆ ಕ್ಷಣಕ್ಕೇ ತಿಳಿಯಿತು. ಕೇಳಬೇಕು ಎಂದುಕೊಂಡ. ನಾಳೆ ಕೇಳಿದರಾಯಿತು ಎಂದೂ ಅಂದುಕೊಂಡ. ಆಫೀಸಿನ ಹುಡುಗರು ಬೆನ್ನು ತಟ್ಟಿದರು. "ಸೂಪರ್ ಗುರುವೇ!" ಎಂದರು. ಒಂಬತ್ತು ದಿನ ಕಳೆದವು.

ಹೊರದೇಶದವರಿಂದ ಹೊಗಳಿಸಿಕೊಂಡು ಮಹೇಂದ್ರನೂ ಖುಷಿಯಲ್ಲಿದ್ದ. ಯೋಗಾನಂದ ಅದೇ ಸಮಯ ನೋಡಿ ಆ ಹುಡುಗಿಯನ್ನು ವಾಪಸ್ ಕರೆಯೋಣ ಎಂದ. "ಆಯ್ತು ಕರ್ಕೊಂಡು ಬಾರಪ್ಪ" ಎಂದ ಮಹೇಂದ್ರ. ಎಲ್ಲ ಸರಿಹೋಯಿತು ಎಂಬ ನೆಮ್ಮದಿಯಲ್ಲಿ ಯೋಗಾನಂದ ಶನಿವಾರ ಮಧ್ಯಾಹ್ನ ಆರ್.ಟಿ. ನಗರಕ್ಕೆ ಹೊರಟ.

ಕನ್ನಡಕದ ಅಂಗಡಿ ಚಿಕ್ಕದು. ಕುಬ್ರಾ ಕೌಂಟರಿನ ಹಿಂದೆ ಫ್ರೇಮುಗಳನ್ನು ಜೋಡಿಸುತ್ತಿದ್ದಳು. ಅವನನ್ನು ನೋಡಿ ಕೈ ನಿಂತಿತು. ಜಿಯಾವುಲ್ಲಾ ಯಾರೆಂದು ತಿಳಿದುಕೊಂಡು ಕಣ್ಣು ಪರೀಕ್ಷೆ ಮಾಡುವ ಕುರ್ಚಿಯಲ್ಲೇ ಕೂರಿಸಿದರು. ಯೋಗಾನಂದ ನಡೆದದ್ದನ್ನು ಹೇಳಿ, ತಪ್ಪು ತನ್ನದೆಂದ. "ಸೋಮವಾರದಿಂದ ಬಾಮ್ಮ, ಕೆಲಸ ಖಾಯಂ" ಎಂದ.

ಮೊದಲು ಮಾತಾಡಿದವರು ಜಿಯಾವುಲ್ಲಾ. "ಸಾಬ್, ಇವಳು ಅಳ್ತಾ ಬಂದ ದಿನ ನಾನು ಈ ಕುರ್ಚೀಲೇ ಕೂರಿಸಿ ಇವಳ ಕಣ್ಣು ಚೆಕ್ ಮಾಡ್ದೆ. ಎರಡು ಸಲ ಮಾಡ್ದೆ. ಏನೂ ಇಲ್ಲ, ಕಣ್ಣು ಫಸ್ಟ್ ಕ್ಲಾಸ್. ಹಂಗಾದ್ರೆ ನಿನ್ ತಲೇಲೇ ಏನೋ ಆಗಿದೆ, ಅಷ್ಟು ಸರ್ವಿಸ್ ಆದ ಸಾಹೇಬರು ಸುಳ್ಳು ಹೇಳ್ತಾರಾ ಅಂತ ಬೈದುಬಿಟ್ಟೆ." ಅವರು ಮಗಳ ಕಡೆ ನೋಡಲಿಲ್ಲ. "ಬಾಪ್ ಆಗಿ ನಾನೇ ನಂಬಲಿಲ್ಲ."

ಯೋಗಾನಂದ ಆ ಕುರ್ಚಿಯಿಂದ ಎದ್ದು ನಿಂತ.

ಕುಬ್ರಾ ಮೊಬೈಲ್ ತೆಗೆದು ಅವನ ಮುಂದೆ ಹಿಡಿದಳು. ಡಿಜಿಟಲ್ ಅಂಗಡಿಯ ಅದೇ ಪುಟ, ಅದೇ ಕೊನೆಯ ಸಾಲು.

"ನಾನು ದಿನಾ ನೋಡ್ತಿದ್ದೆ ಸಾರ್. ಯಾರಿಗಾದ್ರೂ ಆಗೇ ಆಗುತ್ತೆ ಅಂತ ಗೊತ್ತಿತ್ತು. ಆದಾಗ ಖುಷಿ ಆಯ್ತು. ಪಾಪ, ಅವರ ಸೇವ್ ಎಲ್ಲ ಹೋಯ್ತು, ನನಗೆ ಖುಷಿ. ಅಬ್ಬಾಗೆ ತೋರಿಸ್ದೆ. ಆಮೇಲೆ ಇದು ಬಂತು."

"ನಾನು ನಿನ್ನ ಹೆಸರು ಬರೆದಿದ್ದೆ ಕುಬ್ರಾ. ಅವರು ತೆಗೆದುಹಾಕಿದ್ದಾರೆ."

"ತೆಗೆದಿದ್ದು ನಿಮಗೆ ಗೊತ್ತಾಯ್ತಲ್ಲ ಸಾರ್. ಆಮೇಲೆ?"

"ಆಮೇಲೆ..." ಎಂದು ಯೋಗಾನಂದ ನಿಲ್ಲಿಸಿದ. ಮೊದಲಿನ ತಪ್ಪು ಬೆರಳಿನದು ಎಂದು ಹೇಳಿಕೊಳ್ಳಬಹುದಿತ್ತು. ಈ ಒಂಬತ್ತು ದಿನವನ್ನು ಯಾವ ಬೆರಳಿನ ಮೇಲೂ ಹಾಕುವ ಹಾಗಿರಲಿಲ್ಲ. ತಲೆ ತಗ್ಗಿಸಿ, "ಆಮೇಲೆ ಸುಮ್ನಿದ್ದೆ" ಎಂದ.

ಕುಬ್ರಾ ಮೊಬೈಲನ್ನು ಕೌಂಟರಿನ ಕೆಳಗಿಟ್ಟಳು. "ಕೆಲಸ ಬೇಕು ಸಾರ್, ಬರ್ತೀನಿ. ನನಗೆ ಆ ಕೆಲಸ ಇಷ್ಟ. ಆದ್ರೆ ನನ್ನ ವರದಿ ನೀವು ನೋಡೋದು ಬೇಡ. ನಾನು ಆಡೋವಾಗ ಪಕ್ಕದಲ್ಲಿ ಕೂರೋದೂ ಬೇಡ. ಇದನ್ನ ಮಹೇಂದ್ರ ಸಾರ್‌ಗೆ ನೀವೇ ಹೇಳ್ಬೇಕು. ಯಾಕೆ ಅಂತಾನೂ ನೀವೇ ಹೇಳ್ಬೇಕು."

"ಸೋಮವಾರ ಹೋದ ತಕ್ಷಣ ಹೇಳ್ತೀನಮ್ಮ."

"ಈಗ ಹೇಳಿ."

ಯೋಗಾನಂದ ಫೋನ್ ತೆಗೆದ. ಮಹೇಂದ್ರ ಎತ್ತಿದ, ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು. ಹುಡುಗಿ ಬರುತ್ತಾಳೆ, ಆದರೆ ತನ್ನ ಕೈಕೆಳಗೆ ಬೇಡವಂತೆ ಎಂದ ಯೋಗಾನಂದ. "ಯಾಕಂತೆ? ಅವಳಿಗೇನು ಕೊಬ್ಬು?" ಎಂದಿತು ಆ ಕಡೆಯ ದನಿ. ಅಂಗಡಿ ಚಿಕ್ಕದು, ಆದರೂ ಆ ಮಾತು ಅವನ ಕಿವಿಗೆ ಮಾತ್ರ ಕೇಳಿಸಿತು. ಉತ್ತರ ಕೊಡಲು ಅವನು ಬಾಯಿ ತೆರೆದ.

"ಸ್ಪೀಕರ್ ಹಾಕಿ ಸಾರ್," ಎಂದಳು ಕುಬ್ರಾ. "ನೀವು ಏನ್ ಹೇಳ್ತೀರೋ, ಅವರು ಏನ್ ಹೇಳ್ತಾರೋ, ನಾನೇ ಕೇಳ್ಬೇಕು."

ಯೋಗಾನಂದ ಸ್ಪೀಕರ್ ಹಾಕಿ ಫೋನನ್ನು ಕೌಂಟರಿನ ಗಾಜಿನ ಮೇಲಿಟ್ಟ. ಜಿಯಾವುಲ್ಲಾ ಅಂಗಡಿಯ ಫ್ಯಾನ್ ಆರಿಸಿದರು. ಅವನು ಮೊದಲಿನಿಂದ ಹೇಳತೊಡಗಿದ.